ಸಮುದ್ರ ದಾಟುವ ರಸ್ತೆ: ಉತ್ತರ ಯುರೋಪಿನ ಕಾರು ಪ್ರವಾಸದ ಲೆಕ್ಕಾಚಾರ

ಜರ್ಮನಿಯ ಹ್ಯಾಂಬರ್ಗ್‌ನಿಂದ ಹೊರಟ ಕಾರು ನಾರ್ವೆಯ ಉತ್ತರದ ಅಂಚಿನಲ್ಲಿರುವ ನಾರ್ಡ್‌ಕಾಪ್ ಮುಟ್ಟಬೇಕಾದರೆ ಎಲ್ಲಾದರೂ ಒಂದು ಕಡೆ ಸಮುದ್ರ ದಾಟಲೇಬೇಕು. ಸ್ವೀಡನ್ ಮತ್ತು ನಾರ್ವೆ ಇರುವ ಪರ್ಯಾಯದ್ವೀಪಕ್ಕೂ ಯುರೋಪಿನ ಉಳಿದ ಭಾಗಕ್ಕೂ ನೆಲದ ನಂಟು ಇರುವುದು ಫಿನ್‌ಲೆಂಡ್ ಮತ್ತು ರಷ್ಯಾದ ಕಡೆಯಿಂದ ಮಾತ್ರ. 2023ರ ಕೊನೆಯಲ್ಲಿ ಫಿನ್‌ಲೆಂಡ್ ತನ್ನ ರಷ್ಯಾ ಗಡಿಯ ರಸ್ತೆಗಳನ್ನು ಮುಚ್ಚಿದ ಮೇಲೆ ಆ ಬಳಸುದಾರಿಯೂ ಹೆಚ್ಚುಕಡಿಮೆ ಇಲ್ಲವಾಯಿತು. ಉಳಿದಿರುವುದು ಎರಡೇ: ಸೇತುವೆ, ಇಲ್ಲವೇ ವಾಹನಗಳನ್ನು ಹೊತ್ತೊಯ್ಯುವ ಫೆರಿ.

ಇಂಥ ಪ್ರವಾಸಕ್ಕೆ ಯೋಜನೆ ಹಾಕುವವರು ಸಾಮಾನ್ಯವಾಗಿ ಮೊದಲು ನೋಡಬೇಕಾದ ಊರುಗಳ ಪಟ್ಟಿ ಬರೆಯುತ್ತಾರೆ, ನಡುವಿನ ದೂರ ಕೂಡುತ್ತಾರೆ, ಫೆರಿಯನ್ನು ಕೊನೆಗೆ ಎಲ್ಲಾದರೂ ತುರುಕುತ್ತಾರೆ. ಈ ಕ್ರಮ ತಿರುವುಮುರುವಾಗಬೇಕು. ರಸ್ತೆಯಲ್ಲಿ ಎರಡು ತಾಸು ತಡವಾದರೆ ಊಟ ತಡವಾಗುತ್ತದೆ, ಅಷ್ಟೆ. ರಾತ್ರಿಯ ಹಡಗು ತಪ್ಪಿದರೆ ಒಂದು ದಿನ, ಟಿಕೆಟ್ಟಿನ ಹಣ, ಆಚೆ ದಡದಲ್ಲಿ ಕಾಯ್ದಿರಿಸಿದ ಕೋಣೆ ಎಲ್ಲವೂ ಒಟ್ಟಿಗೆ ಕೈಬಿಡುತ್ತವೆ. ಆದ್ದರಿಂದ ಹಡಗುಗಳ ದಿನ ಮತ್ತು ಹೊತ್ತನ್ನು ಮೊದಲು ಗೊತ್ತುಮಾಡಿಕೊಂಡು, ಅವುಗಳ ನಡುವೆ ಸಿಗುವ ದಿನಗಳನ್ನು ರಸ್ತೆಗೆ ಹಂಚುವುದೇ ಸರಿಯಾದ ದಾರಿ.

ಹ್ಯಾಂಬರ್ಗ್‌ನಿಂದ ಉತ್ತರಕ್ಕೆ ಹೋಗುವವರ ಹಳೆಯ ದಾರಿ ಫೇಮರ್ನ್ ದ್ವೀಪದ ಪುಟ್‌ಗಾರ್ಡನ್ ಬಂದರಿನದು. 1963ರಲ್ಲಿ ಶುರುವಾದ ಈ ಫೆರಿ 45 ನಿಮಿಷಗಳಲ್ಲಿ ಡೆನ್ಮಾರ್ಕಿನ ರೋಡ್ಬಿ ತಲುಪಿಸುತ್ತದೆ. ಹಗಲೂ ರಾತ್ರಿಯೂ ಬಿಡುವಿಲ್ಲದೆ ಹಡಗುಗಳು ಓಡಾಡುವುದರಿಂದ ಇಲ್ಲಿ ಒಂದು ತಪ್ಪಿದರೆ ಇನ್ನೊಂದಿದೆ. 2019ರವರೆಗೆ ಹ್ಯಾಂಬರ್ಗ್–ಕೋಪನ್‌ಹೇಗನ್ ರೈಲು ಕೂಡ ಬೋಗಿಗಳ ಸಮೇತ ಇದೇ ಹಡಗಿನ ಹೊಟ್ಟೆ ಸೇರಿ ನೀರು ದಾಟುತ್ತಿತ್ತು. ಈಗ ಅದೇ ಜಲಸಂಧಿಯ ತಳದಲ್ಲಿ 18 ಕಿ.ಮೀ. ಉದ್ದದ ಸುರಂಗದ ಕೆಲಸ ನಡೆದಿದೆ. ಬಂಡೆ ಕೊರೆದು ಮಾಡುವ ಸುರಂಗ ಇದಲ್ಲ. ರೋಡ್ಬಿಯ ದಡದಲ್ಲಿ ಎರಕ ಹೊಯ್ದ ಭಾರಿ ಕಾಂಕ್ರೀಟ್ ತುಂಡುಗಳನ್ನು ತೇಲಿಸಿಕೊಂಡು ಹೋಗಿ, ಸಮುದ್ರತಳದಲ್ಲಿ ತೋಡಿದ ಕಾಲುವೆಯಲ್ಲಿ ಮುಳುಗಿಸಿ ಜೋಡಿಸುವ ಬಗೆ ಇದು. ಹಡಗೇ ಬೇಡ ಎನ್ನುವವರಿಗೆ ಇನ್ನೊಂದು ದಾರಿ ಇದೆ: ಡೆನ್ಮಾರ್ಕಿನ ಯೂಟ್‌ಲ್ಯಾಂಡ್ ಬಳಸಿ, 1998ರಲ್ಲಿ ತೆರೆದ ಗ್ರೇಟ್ ಬೆಲ್ಟ್ ಸೇತುವೆಯ ಮೇಲೆ ಹೋಗುವುದು. ಅದರ ತೂಗುಸೇತುವೆಯ ನಡುಗಣ ಅಂತರವೇ 1,624 ಮೀಟರ್. ದೂರ ಹೆಚ್ಚು, ಟೋಲ್ ಕೂಡ ಕೊಡಬೇಕು.

ಎರಡು ದಾರಿಗಳೂ ಕೋಪನ್‌ಹೇಗನ್‌ನಲ್ಲಿ ಕೂಡುತ್ತವೆ. ಅಲ್ಲಿಂದ ಸ್ವೀಡನ್ನಿನ ಮಾಲ್ಮೋಗೆ ಓರೆಸುಂಡ್ ದಾಟುದಾರಿ, 2000ದ ಜುಲೈ 1ರಂದು ತೆರೆದದ್ದು. ಡೆನ್ಮಾರ್ಕ್ ಕಡೆಯಿಂದ ಹೊರಟ ಕಾರು ಮೊದಲು ಸುಮಾರು 4 ಕಿ.ಮೀ. ಸುರಂಗದಲ್ಲಿ ಇಳಿದು, ಪೆಬರ್‌ಹೋಮ್ ಎಂಬ ಕೃತಕ ದ್ವೀಪದಲ್ಲಿ ಮೇಲೆದ್ದು, 7,845 ಮೀಟರ್ ಉದ್ದದ ಸೇತುವೆ ಹತ್ತುತ್ತದೆ. ಕೋಪನ್‌ಹೇಗನ್ ವಿಮಾನ ನಿಲ್ದಾಣ ಪಕ್ಕದಲ್ಲೇ ಇರುವುದರಿಂದ ಅಲ್ಲಿ ಸೇತುವೆಯ ಎತ್ತರದ ಕಂಬಗಳು ವಿಮಾನಗಳಿಗೆ ಅಡ್ಡ ಬರುತ್ತಿದ್ದವು. ದೊಡ್ಡ ಹಡಗುಗಳ ದಾರಿಯನ್ನೂ ಬಿಡಬೇಕಿತ್ತು. ಸುರಂಗ ಬಂದದ್ದು ಆ ಕಾರಣಕ್ಕೆ. ಇನ್ನೂ ಉತ್ತರದಲ್ಲಿ, ಹೆಲ್ಸಿಂಗೋರ್–ಹೆಲ್ಸಿಂಗ್‌ಬೋರ್ಗ್ ನಡುವೆ, ಜಲಸಂಧಿ ಬರೇ 4 ಕಿ.ಮೀ. ಅಗಲ. ಅಲ್ಲಿನ 20 ನಿಮಿಷದ ಫೆರಿ ಸೇತುವೆಗೆ ಒಳ್ಳೆಯ ಬದಲಿ.

ಉದ್ದದ ರಾತ್ರಿ ಹಡಗುಗಳ ಲೆಕ್ಕ ಬೇರೆ. ಲೂಬೆಕ್ ಬಳಿಯ ಟ್ರಾವೆಮುಂಡೆಯಿಂದ ಹೆಲ್ಸಿಂಕಿಗೆ ಹಡಗು ಸುಮಾರು 30 ತಾಸು ತೆಗೆದುಕೊಳ್ಳುತ್ತದೆ. ಹ್ಯಾಂಬರ್ಗ್‌ನಿಂದ ಸ್ವೀಡನ್ ಮೂಲಕ ನಾರ್ಡ್‌ಕಾಪ್‌ಗೆ ಸುಮಾರು 2,800 ಕಿ.ಮೀ.; ಹೆಲ್ಸಿಂಕಿಯಿಂದಾದರೆ ಅದರ ಹೆಚ್ಚುಕಡಿಮೆ ಅರ್ಧ. ಹಡಗಿನ ದರ ನೋಡಿ ಬೆಚ್ಚುವವರು ಅದರ ಎದುರಿಗೆ ಉಳಿಯುವ ಪೆಟ್ರೋಲು, ಮೂರು ದಿನದ ಚಾಲನೆ, ಎರಡು ಮೂರು ರಾತ್ರಿಯ ಹೋಟೆಲ್ ಬಾಡಿಗೆ ಇಟ್ಟು ತೂಗಿ ನೋಡಬೇಕು. ಒಬ್ಬನೇ ಚಾಲಕ ಇರುವ ಕುಟುಂಬಕ್ಕೆ ಹಡಗೇ ಅಗ್ಗ ಎನಿಸಬಹುದು. ರಜೆ ಹೆಚ್ಚಿರುವವರು ಸ್ವೀಡನ್ನಿನ ಕಾಡು, ಕಡಲ ದಂಡೆಗಳನ್ನು ಬಿಟ್ಟುಕೊಡಬಾರದು.

ಸ್ವೀಡನ್ ಮತ್ತು ಫಿನ್‌ಲೆಂಡ್ ನಡುವೆಯೂ ಆಯ್ಕೆಗಳಿವೆ. ಸ್ಟಾಕ್‌ಹೋಮ್–ತುರ್ಕು ಹಡಗಿಗೆ ಸುಮಾರು 11 ತಾಸು, ಸ್ಟಾಕ್‌ಹೋಮ್–ಹೆಲ್ಸಿಂಕಿ ಹಡಗಿಗೆ ಸುಮಾರು 17 ತಾಸು ಬೇಕು. ಈ ಹಡಗುಗಳು ಅಪರಾತ್ರಿಯಲ್ಲಿ ಓಲಂಡ್ ದ್ವೀಪದಲ್ಲಿ ಕೆಲವೇ ನಿಮಿಷ ನಿಲ್ಲುತ್ತವೆ. ಹತ್ತುವವರು ಇಳಿಯುವವರು ವಿರಳ, ಆದರೂ ನಿಲ್ಲಲೇಬೇಕು. ಫಿನ್‌ಲೆಂಡಿಗೆ ಸೇರಿದ ಓಲಂಡ್ ಯುರೋಪಿಯನ್ ಒಕ್ಕೂಟದ ಮೌಲ್ಯವರ್ಧಿತ ತೆರಿಗೆಯ ವ್ಯಾಪ್ತಿಗೆ ಹೊರಗಿದೆ. ಅಲ್ಲಿ ನಿಂತು ಹೊರಟ ಹಡಗಿನಲ್ಲಿ ಸುಂಕರಹಿತ ಅಂಗಡಿ ನಡೆಸಬಹುದು, ಆ ವ್ಯಾಪಾರವೇ ಟಿಕೆಟ್ ದರವನ್ನು ಇಳಿಸಿಡುತ್ತದೆ. ಉತ್ತರದ ಉಮೆಯೋ–ವಾಸಾ ನಡುವಿನ ಫೆರಿಗೆ ಸುಮಾರು ನಾಲ್ಕು ತಾಸು. ಬೋತ್ನಿಯಾ ಕೊಲ್ಲಿಯ ತುದಿ ಪ್ರತಿ ಚಳಿಗಾಲದಲ್ಲೂ ಹೆಪ್ಪುಗಟ್ಟುವುದರಿಂದ ಇಲ್ಲಿನ ಹಡಗುಗಳ ಒಡಲನ್ನು ಮಂಜುಗಡ್ಡೆ ಸೀಳುವಂತೆಯೇ ಕಟ್ಟಿರುತ್ತಾರೆ. ಹೆಲ್ಸಿಂಕಿಯಿಂದ ಎಸ್ಟೋನಿಯಾದ ಟಾಲಿನ್ ಎರಡು ತಾಸಿನ ದಾರಿ. ಅಲ್ಲಿಂದ ರೀಗಾ, ಕೌನಸ್ ಮೂಲಕ ವಾರ್ಸಾ ಸೇರುವ ಇ67 ಹೆದ್ದಾರಿ ಮರುಪಯಣಕ್ಕೆ ಒಳ್ಳೆಯ ದಾರಿ.

ಮೊದಲ ಸಲ ಹೋಗುವವರಿಗೆ ಒಂದು ಸುತ್ತು ಹೀಗಿರಬಹುದು. ಹ್ಯಾಂಬರ್ಗ್, ಕೋಪನ್‌ಹೇಗನ್, ಸ್ಟಾಕ್‌ಹೋಮ್. ಅಲ್ಲಿಂದ ಇ4 ಹೆದ್ದಾರಿಯಲ್ಲಿ ಕೊಲ್ಲಿಯ ದಂಡೆ ಹಿಡಿದು ಸುಮಾರು 1,000 ಕಿ.ಮೀ. ಉತ್ತರಕ್ಕೆ, ಫಿನ್‌ಲೆಂಡಿನ ಗಡಿಯ ಹಾಪರಾಂಡಾಗೆ, ಆರ್ಕ್ಟಿಕ್ ವೃತ್ತದ ಮೇಲಿರುವ ರೊವಾನಿಯೆಮಿ, ನಾರ್ಡ್‌ಕಾಪ್. ಇಳಿಯುವಾಗ ನಾರ್ವೆಯ ಆಲ್ಟಾ, ನಾರ್ವಿಕ್, ಲೊಫೊಟೆನ್ ದ್ವೀಪಗಳು. ಮೊಸ್ಕೆನೆಸ್‌ನಿಂದ ಬೊಡೋಗೆ ಫೆರಿ. ಕರಾವಳಿ ರಸ್ತೆಯಲ್ಲಿ ಟ್ರೋಂಡ್‌ಹೈಮ್, ಓಸ್ಲೋ. ಕೊನೆಗೆ ಓಸ್ಲೋದಿಂದ ಜರ್ಮನಿಯ ಕೀಲ್‌ಗೆ ರಾತ್ರಿಯ ಹಡಗು. ರಸ್ತೆಯ ದೂರವೇ 5,000 ಕಿ.ಮೀ. ಮೀರುತ್ತದೆ. ಮೂರೂವರೆ ವಾರ ಇದ್ದರೆ ಇದು ಪ್ರವಾಸ. ಎರಡು ವಾರದಲ್ಲಿ ಮುಗಿಸಲು ಹೊರಟರೆ ಬರೀ ಚಾಲನೆ. ಅಷ್ಟು ರಜೆ ಇಲ್ಲದವರು ನಾರ್ಡ್‌ಕಾಪ್ ಬಿಟ್ಟು ದಕ್ಷಿಣ ನಾರ್ವೆಯ ಫಿಯೋರ್ಡ್‌ಗಳಿಗೆ, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಕವಲುಗಳಿಗೆ, ಸೀಮಿತವಾಗುವುದು ಒಳಿತು. ಡೆನ್ಮಾರ್ಕಿನ ಹಿರ್ಟ್‌ಶಾಲ್ಸ್‌ನಿಂದ ಕ್ರಿಸ್ಟಿಯಾನ್‌ಸಾಂಡ್‌ಗೆ ಮೂರು ತಾಸು ಚಿಲ್ಲರೆಯ ಫೆರಿ ಅವರಿಗಾಗಿಯೇ ಇದ್ದಂತಿದೆ.

ನಕ್ಷೆಯ ಆ್ಯಪ್ ತೋರಿಸುವ ತಾಸುಗಳನ್ನು ಇಲ್ಲಿ ಹಾಗೆಯೇ ನಂಬುವಂತಿಲ್ಲ. ಸ್ವೀಡನ್, ಫಿನ್‌ಲೆಂಡ್‌ಗಳ ನೇರ ರಸ್ತೆಗಳಲ್ಲಿ ದಿನಕ್ಕೆ 400–500 ಕಿ.ಮೀ. ಸಲೀಸು. ನಾರ್ವೆಯಲ್ಲಿ ಊರ ಹೊರಗಿನ ಸಾಮಾನ್ಯ ವೇಗಮಿತಿಯೇ ತಾಸಿಗೆ 80 ಕಿ.ಮೀ. ತಿರುವು, ಸುರಂಗ, ಹಳ್ಳಿ, ಫೆರಿ ಎಲ್ಲ ಸೇರಿ ಸರಾಸರಿ 55–60ಕ್ಕೆ ಇಳಿಯುತ್ತದೆ. ಅಲ್ಲಿ ದಿನಕ್ಕೆ 250–300 ಕಿ.ಮೀ.ಗಿಂತ ಹೆಚ್ಚು ಇಟ್ಟುಕೊಂಡರೆ ನಿಂತು ನೋಡುವ ಹೊತ್ತು ಉಳಿಯುವುದಿಲ್ಲ. ನಿಂತು ನೋಡಲೆಂದೇ ಅಷ್ಟು ದೂರ ಹೋಗುವುದು.

ಯಾವ ತಿಂಗಳು ಎಂಬುದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ನಾರ್ಡ್‌ಕಾಪ್‌ನಲ್ಲಿ ಮೇ 14ರಿಂದ ಜುಲೈ 29ರವರೆಗೆ ಸೂರ್ಯ ಮುಳುಗುವುದಿಲ್ಲ. ಜೂನ್ ಮೂರನೇ ವಾರದ ಹೊತ್ತಿಗೆ ಸ್ವೀಡನ್, ಫಿನ್‌ಲೆಂಡ್‌ಗಳಲ್ಲಿ ಮಿಡ್‌ಸಮ್ಮರ್ ಹಬ್ಬ. ಊರಿಗೆ ಊರೇ ಹಳ್ಳಿಮನೆಗಳಿಗೆ ಹೊರಡುತ್ತದೆ, ಅಂಗಡಿಗಳು ಮುಚ್ಚುತ್ತವೆ, ಹಡಗುಗಳು ತುಂಬಿರುತ್ತವೆ. ಜುಲೈ ನಾರ್ವೆಯವರ ಸಾಮೂಹಿಕ ರಜೆಯ ತಿಂಗಳು. ಉತ್ತರದ ಲ್ಯಾಪ್‌ಲ್ಯಾಂಡ್ ಸೀಮೆಯ ಜೌಗುನೆಲದಲ್ಲಿ ಆಗ ಸೊಳ್ಳೆಗಳ ಕಾಟವೂ ವಿಪರೀತ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗಿನ ಕಾಲ ಹೆಚ್ಚಿನವರಿಗೆ ಹಿಡಿಸೀತು: ಜನ ಕಡಿಮೆ, ಸೊಳ್ಳೆ ಕಡಿಮೆ, ಕಾಡು ಕೆಂಪು ಹಳದಿಗೆ ತಿರುಗಿರುತ್ತದೆ, ರಾತ್ರಿ ಮರಳಿರುವುದರಿಂದ ಆಕಾಶ ತಿಳಿಯಾಗಿದ್ದರೆ ಧ್ರುವಪ್ರಭೆಯೂ ಕಂಡೀತು. ಚಳಿಗಾಲದ ಮಾತೇ ಬೇರೆ. ನಾರ್ವೆಯ ಎತ್ತರದ ಘಾಟಿಗಳು ಆಗ ಮುಚ್ಚಿರುತ್ತವೆ. 1,434 ಮೀಟರ್ ಎತ್ತರದ ಸೊಗ್ನೆಫ್ಯೆಲ್ ರಸ್ತೆಯೂ, ಹನ್ನೊಂದು ಹೇರ್‌ಪಿನ್ ತಿರುವುಗಳ ಟ್ರೋಲ್‌ಸ್ಟಿಗೆನ್ ರಸ್ತೆಯೂ ಅವುಗಳಲ್ಲಿ ಸೇರಿವೆ. ನಾರ್ಡ್‌ಕಾಪ್‌ನ ಕೊನೆಯ 13 ಕಿ.ಮೀ. ಹಿಮ ತೆಗೆಯುವ ವಾಹನದ ಹಿಂದೆ, ನಿಗದಿತ ಹೊತ್ತಿಗೆ ಮಾತ್ರ, ಸಾಲಾಗಿ ಸಾಗಬೇಕು. ಚಳಿಗಾಲದ ಟೈರು, ಹಿಮದಲ್ಲಿ ಓಡಿಸಿದ ಅನುಭವ ಎರಡೂ ಇಲ್ಲದವರು ಬೇಸಿಗೆಯನ್ನೇ ಆರಿಸಿಕೊಳ್ಳಬೇಕು.

ಫೆರಿ ಟಿಕೆಟ್ ತೆಗೆಯುವಾಗ ಕೇಳುವ ಮೊದಲ ಪ್ರಶ್ನೆ ವಾಹನದ ಉದ್ದ ಮತ್ತು ಎತ್ತರ. ಹಡಗಿನ ವಾಹನ ಅಂತಸ್ತನ್ನು ಲೇನ್‌ಗಳಾಗಿ ಗೆರೆ ಎಳೆದು, ಮೀಟರ್ ಲೆಕ್ಕದಲ್ಲಿ ಮಾರುತ್ತಾರೆ. ಕಾರುಗಳಿಗೆ ಕಡಿಮೆ ಎತ್ತರದ ಅಂತಸ್ತು, ಲಾರಿ ಬಸ್ಸುಗಳಿಗೆ ಎತ್ತರದ್ದು. ಚಾವಣಿಯ ಮೇಲೆ ಸಾಮಾನಿನ ಪೆಟ್ಟಿಗೆ, ಹಿಂದೆ ಸೈಕಲ್ ಸ್ಟ್ಯಾಂಡ್ ಇದ್ದರೆ ಅವುಗಳನ್ನೂ ಸೇರಿಸಿ ಅಳತೆ ಹೇಳಬೇಕು. ಹೇಳದಿದ್ದರೆ ಬಂದರಿನಲ್ಲಿ ಹೆಚ್ಚಿನ ಹಣ ಕೇಳುತ್ತಾರೆ, ಜಾಗವಿಲ್ಲದಿದ್ದರೆ ಮುಂದಿನ ಹಡಗಿಗೆ ಕಾಯಿಸುತ್ತಾರೆ. ವಿಮಾನದ ಟಿಕೆಟ್ಟಿನಂತೆ ದರ ದಿನದಿನಕ್ಕೆ ಬದಲಾಗುತ್ತದೆ. ವಾರದ ನಡುವಿನ ದಿನ, ಮುಂಚಿತವಾಗಿ ತೆಗೆದದ್ದು ಅಗ್ಗ. ದಿನ ಬದಲಿಸಲು ಅವಕಾಶವಿರುವ ಟಿಕೆಟ್ಟಿಗೆ ತುಸು ಹೆಚ್ಚು ಕೊಡುವುದು ಇಷ್ಟು ಉದ್ದದ ಪ್ರವಾಸದಲ್ಲಿ ದಂಡವಲ್ಲ. ಟಿಕೆಟ್ಟಿನ ಮೇಲಿರುವುದು ಆಯಾ ಬಂದರಿನ ಸ್ಥಳೀಯ ಸಮಯ. ಫಿನ್‌ಲೆಂಡ್ ಮತ್ತು ಎಸ್ಟೋನಿಯಾದ ಗಡಿಯಾರ ಜರ್ಮನಿ, ಸ್ವೀಡನ್, ನಾರ್ವೆಗಳಿಗಿಂತ ಒಂದು ತಾಸು ಮುಂದಿರುತ್ತದೆ. ಈ ಒಂದು ತಾಸಿನ ಎಚ್ಚರ ತಪ್ಪಿದರೆ ಹಡಗೂ ತಪ್ಪುತ್ತದೆ. ಬಾಡಿಗೆ ಕಾರಾದರೆ ಅದನ್ನು ಹಡಗಿಗೆ ಹತ್ತಿಸಲು, ಪಟ್ಟಿಯಲ್ಲಿರುವ ಪ್ರತಿಯೊಂದು ದೇಶಕ್ಕೂ ಒಯ್ಯಲು ಕಂಪನಿಯ ಲಿಖಿತ ಒಪ್ಪಿಗೆ ಇರಬೇಕು.

ಬಂದರಿಗೆ ದೊಡ್ಡ ಹಡಗಾದರೆ ಒಂದೂವರೆ ತಾಸಾದರೂ ಮುಂಚೆ ಬರಬೇಕು. ಸಿಬ್ಬಂದಿ ಹೇಳಿದ ಲೇನ್‌ನಲ್ಲಿ ನಿಂತು, ಕೈಸನ್ನೆ ನೋಡಿಕೊಂಡು ಒಳಗೆ ಹೋಗಿ, ಮುಂದಿನ ಕಾರಿಗೆ ಒತ್ತಿಕೊಂಡಂತೆ ನಿಲ್ಲಿಸಬೇಕು. ಹ್ಯಾಂಡ್‌ಬ್ರೇಕ್ ಎಳೆದು ಗೇರಿನಲ್ಲಿ ಬಿಡಬೇಕು. ಕಾರಿನ ಅಲುಗಾಟ ಗುರುತಿಸುವ ಅಲಾರಂ ಆಫ್ ಮಾಡದಿದ್ದರೆ ಹಡಗು ತೂಗಿದಾಗಲೆಲ್ಲ ಅದು ಕೂಗಿ ಬ್ಯಾಟರಿ ಇಳಿಸುತ್ತದೆ. ಕ್ಯಾಂಪರ್ ವಾಹನದ ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಬೇಕು. ರಾತ್ರಿಗೆ ಬೇಕಾದ ಬಟ್ಟೆ, ಔಷಧಿ, ಮಗುವಿನ ಹಾಲು, ಪಾಸ್‌ಪೋರ್ಟ್ ಇವನ್ನೆಲ್ಲ ಒಂದು ಸಣ್ಣ ಚೀಲದಲ್ಲಿ ಮೊದಲೇ ತುಂಬಿಟ್ಟು, ಅಂತಸ್ತಿನ ಬಣ್ಣ ಮತ್ತು ಮೆಟ್ಟಿಲಿನ ಸಂಖ್ಯೆ ನೆನಪಿಟ್ಟುಕೊಂಡು ಮೇಲೆ ಹೋಗಬೇಕು. ಹಡಗು ಹೊರಟ ಮೇಲೆ ಕಾರಿನ ಹತ್ತಿರ ಹೋಗಲು ಬಿಡುವುದಿಲ್ಲ.

ಈ ಕಟ್ಟುನಿಟ್ಟಿನ ಹಿಂದೆ ದೊಡ್ಡ ದುರಂತಗಳಿವೆ. ಫೆರಿಯ ವಾಹನ ಅಂತಸ್ತು ತುದಿಯಿಂದ ತುದಿಗೆ ತಡೆಗೋಡೆಯಿಲ್ಲದ ಒಂದೇ ಹಜಾರ. ಕಾರುಗಳು ಮುಂದಿನ ಬಾಗಿಲಿನಿಂದ ಹತ್ತಿ ಹಿಂದಿನದರಿಂದ ಇಳಿಯಲು ಅದೇ ಅನುಕೂಲ, ಅದೇ ಅಪಾಯ ಕೂಡ. ಅಲ್ಲಿಗೆ ನೀರು ನುಗ್ಗಿದರೆ ತಡೆಯುವುದು ಏನೂ ಇಲ್ಲ. ಮೊಣಕಾಲುದ್ದದ ನೀರೂ ಹಡಗು ವಾಲಿದ ಕಡೆಗೇ ಹರಿಯುತ್ತದೆ, ಅದರ ಭಾರಕ್ಕೆ ಹಡಗು ಇನ್ನಷ್ಟು ವಾಲುತ್ತದೆ, ಇನ್ನಷ್ಟು ನೀರು ಒಳಬರುತ್ತದೆ. 1987ರ ಮಾರ್ಚ್ 6ರಂದು ಬೆಲ್ಜಿಯಂನ ಝೇಬ್ರೂಗ್ ಬಂದರಿನಿಂದ ಮುಂಬಾಗಿಲು ಮುಚ್ಚದೆಯೇ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ನಿಮಿಷಗಳಲ್ಲಿ ಮಗುಚಿ 193 ಜನ ಸತ್ತರು. 1994ರ ಸೆಪ್ಟೆಂಬರ್ 28ರ ಬಿರುಗಾಳಿಯ ರಾತ್ರಿ ಟಾಲಿನ್‌ನಿಂದ ಸ್ಟಾಕ್‌ಹೋಮ್‌ಗೆ ಹೊರಟಿದ್ದ ‘ಎಸ್ಟೋನಿಯಾ’ದ ಮೂತಿಯ ಮುಚ್ಚಳ ಅಲೆಗಳ ಹೊಡೆತಕ್ಕೆ ಕಳಚಿಬಿತ್ತು. ಹಡಗಿನಲ್ಲಿದ್ದ 989 ಜನರಲ್ಲಿ ಬದುಕಿದವರು 137. ಆ ಬಳಿಕ ವಾಹನ ಅಂತಸ್ತಿಗೆ ನೀರು ನುಗ್ಗಿದರೂ ಹಡಗು ನಿಲ್ಲುವಂತಿರಬೇಕು ಎಂಬ ನಿಯಮ ಉತ್ತರ ಯುರೋಪಿನಲ್ಲಿ ಬಿಗಿಯಾಯಿತು. ಬಾಗಿಲುಗಳ ಮೇಲೆ ಕ್ಯಾಮೆರಾ, ಎಚ್ಚರಿಕೆಯ ದೀಪಗಳು ಬಂದವು. ಹಡಗು ಹತ್ತಿದ ಕೂಡಲೇ ಕ್ಯಾಬಿನ್ ಬಾಗಿಲ ಹಿಂದಿನ ನಕ್ಷೆ ನೋಡಿ, ಜಮಾವಣೆಯ ಜಾಗಕ್ಕೆ ಮಕ್ಕಳೊಂದಿಗೆ ಒಮ್ಮೆ ನಡೆದು ಬರಲು ಐದು ನಿಮಿಷ ಸಾಕು. ಅದನ್ನು ಯಾರೂ ಬಿಡಬಾರದು.

ನಾರ್ವೆಯ ಒಳನಾಡಿನ ಫೆರಿಗಳು ಬೇರೆಯೇ ಬಗೆಯವು. ಅವು ರಸ್ತೆಯ ತುಂಡುಗಳೇ. ಹೆದ್ದಾರಿ ಫಿಯೋರ್ಡಿನ ದಡಕ್ಕೆ ಬಂದು ನಿಲ್ಲುತ್ತದೆ, ಕಾರುಗಳು ಸಾಲುಗಟ್ಟುತ್ತವೆ, ಹಡಗು ಬರುತ್ತದೆ, ಹತ್ತಿಪ್ಪತ್ತು ನಿಮಿಷದಲ್ಲಿ ಆಚೆ ದಡದಲ್ಲಿ ಹೆದ್ದಾರಿ ಮುಂದುವರಿಯುತ್ತದೆ. ಹೆಚ್ಚಿನವಕ್ಕೆ ಮುಂಗಡ ಟಿಕೆಟ್ ಬೇಕಿಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ, ಬಿಲ್ಲು ಮನೆಗೆ ಬರುತ್ತದೆ. ಬ್ಯಾಟರಿಯಲ್ಲಿ ಓಡುವ ಜಗತ್ತಿನ ಮೊದಲ ಕಾರು ಫೆರಿ ‘ಆಂಪೆರ್’ 2015ರಲ್ಲಿ ಸೊಗ್ನೆ ಫಿಯೋರ್ಡಿನ ಲಾವಿಕ್–ಒಪ್ಪೆಡಾಲ್ ನಡುವೆ ಇಂಥದೇ ಕೆಲಸಕ್ಕೆ ಇಳಿಯಿತು. ಪ್ರತಿ ಸಲ ದಡ ಮುಟ್ಟಿದಾಗಲೂ ಅದು ಚಾರ್ಜ್ ಆಗುತ್ತದೆ.

ಇವುಗಳ ಸೊಗಸು ಪೂರ್ತಿಯಾಗಿ ಸಿಗುವುದು ಸ್ಟೈನ್‌ಶೆರ್–ಬೊಡೋ ನಡುವಿನ 650 ಕಿ.ಮೀ. ಕರಾವಳಿ ರಸ್ತೆಯಲ್ಲಿ. ಆರು ಫೆರಿ ದಾಟಬೇಕು. ಅವುಗಳಲ್ಲಿ ಶಿಲ್‌ಬೊಗ್‌ಹಾಮ್ನ್–ಯೆಕ್ಟ್‌ವಿಕ್ ಫೆರಿ ಸುಮಾರು ಒಂದು ತಾಸಿನದು. ಆರ್ಕ್ಟಿಕ್ ವೃತ್ತವನ್ನು ಇಲ್ಲಿ ನೀರಿನ ಮೇಲೆಯೇ ದಾಟಲಾಗುತ್ತದೆ. ಮುಂದೆ ಸ್ವಾರ್ಟಿಸೆನ್ ಹಿಮನದಿ ರಸ್ತೆಯಿಂದಲೇ ಕಾಣುತ್ತದೆ. ಇ6 ಹೆದ್ದಾರಿಯಲ್ಲಿ ಇದೇ ದೂರವನ್ನು ಒಂದೇ ದಿನದಲ್ಲಿ ಮುಗಿಸಬಹುದು, ಕರಾವಳಿ ರಸ್ತೆಗೆ ಮೂರು ದಿನವಾದರೂ ಬೇಕು. ಮೂರು ದಿನ ಕೊಡಲು ಇಡೀ ಸುತ್ತಿನಲ್ಲಿ ಇದಕ್ಕಿಂತ ಯೋಗ್ಯವಾದ ರಸ್ತೆ ಇಲ್ಲ. ದಿನದ ಕೊನೆಯ ಫೆರಿ ಎಷ್ಟು ಹೊತ್ತಿಗೆ ಎಂಬುದನ್ನು ಮಾತ್ರ ಹಿಂದಿನ ಸಂಜೆಯೇ ನೋಡಿಟ್ಟುಕೊಳ್ಳಬೇಕು.

ಲೊಫೊಟೆನ್‌ನಿಂದ ಬರುವ ಮೊಸ್ಕೆನೆಸ್–ಬೊಡೋ ಫೆರಿ ಉದ್ದದ ರಾತ್ರಿ ಹಡಗುಗಳಿಗೂ ಈ ಒಳನಾಡಿನ ಫೆರಿಗಳಿಗೂ ನಡುವಿನದು. ತೆರೆದ ವೆಸ್ಟ್‌ಫಿಯೋರ್ಡ್ ದಾಟಲು ಮೂರು ತಾಸಿಗೂ ಹೆಚ್ಚು ಬೇಕು. ಬೇಸಿಗೆಯಲ್ಲಿ ಸಾಲು ಉದ್ದ, ಮುಂಗಡ ಕಾಯ್ದಿರಿಸುವುದು ಲೇಸು. ಗಾಳಿ ಜೋರಾದರೆ ಫೆರಿ ರದ್ದಾಗುತ್ತದೆ. ಆಗ ಬಂದ ದಾರಿಯಲ್ಲೇ ಹಿಂದಿರುಗಿ, ಲೋಡಿಂಗೆನ್–ಬೊಗ್ನೆಸ್ ಫೆರಿ ಹಿಡಿದು ಬೊಡೋ ಸೇರಲು ಇಡೀ ದಿನ ಬೇಕು. ಈ ದಾಟುವಿಕೆಯ ಮರುದಿನವನ್ನು ಖಾಲಿ ಬಿಟ್ಟುಕೊಳ್ಳಬೇಕು ಎನ್ನುವುದು ಇದಕ್ಕೇ.

ನಾರ್ಡ್‌ಕಾಪ್ ಇರುವುದೂ ದ್ವೀಪದಲ್ಲೇ. ಹಿಂದೆ ಅಲ್ಲಿಗೂ ಫೆರಿ ಇತ್ತು. 1999ರಿಂದ 6,870 ಮೀಟರ್ ಉದ್ದದ ಸುರಂಗ ಸಮುದ್ರಮಟ್ಟದಿಂದ 212 ಮೀಟರ್ ಕೆಳಗಿಳಿದು ಮೇಲೇರುತ್ತದೆ. ಕೊನೆಯಲ್ಲಿ 307 ಮೀಟರ್ ಎತ್ತರದ ಕಡಿದಾದ ಬಂಡೆ, ಕೆಳಗೆ ಸಮುದ್ರ. ಪಕ್ಕದ ಕ್ನಿವ್‌ಶೆಲ್ಲೊಡ್ಡೆನ್ ಮೂಗುನೆಲ ಇನ್ನೂ ತುಸು ಉತ್ತರಕ್ಕಿದೆ. ಅಲ್ಲಿಗೆ ಕಾಲ್ನಡಿಗೆಯೊಂದೇ ದಾರಿ.

ಬೆಂಗಳೂರಿನಲ್ಲಿ ಕಾರು ಓಡಿಸಿ ರೂಢಿಯಿರುವವರಿಗೆ ಬಲಬದಿಯ ಚಾಲನೆ ಎರಡು ದಿನದಲ್ಲಿ ಒಗ್ಗುತ್ತದೆ. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಡಬೇಕೆಂಬ ನಿಯಮ ರಕ್ತಗತವಾಗಲು ಹೆಚ್ಚು ಕಾಲ ಹಿಡಿಯುತ್ತದೆ. ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್‌ಲೆಂಡ್‌ಗಳಲ್ಲಿ ಹಗಲಲ್ಲೂ ಹೆಡ್‌ಲೈಟ್ ಉರಿಯಬೇಕು. ರಕ್ತದಲ್ಲಿ ಮದ್ಯಸಾರದ ಮಿತಿ ಜರ್ಮನಿ, ಡೆನ್ಮಾರ್ಕ್, ಫಿನ್‌ಲೆಂಡ್‌ಗಳಲ್ಲಿ ಲೀಟರಿಗೆ 0.5 ಗ್ರಾಂ ಇದ್ದರೆ ಸ್ವೀಡನ್, ನಾರ್ವೆ, ಎಸ್ಟೋನಿಯಾಗಳಲ್ಲಿ 0.2 ಮಾತ್ರ. ರಾತ್ರಿ ಹಡಗಿನಲ್ಲಿ ಕುಡಿದದ್ದು ಬೆಳಿಗ್ಗೆ ಬಂದರಿನ ಉಸಿರು ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು. ಮುಸ್ಸಂಜೆ ಮತ್ತು ನಸುಕಿನಲ್ಲಿ ಮೂಸ್ ಎಂಬ ಭಾರಿ ಜಿಂಕೆ ರಸ್ತೆಗೆ ಬರುತ್ತದೆ. ಅದರ ಕಾಲುಗಳು ಎಷ್ಟು ಉದ್ದವೆಂದರೆ ಕಾರು ಗುದ್ದಿದಾಗ ನೂರಾರು ಕಿಲೋ ತೂಕದ ದೇಹ ನೇರವಾಗಿ ಗಾಜಿನ ಮೇಲೆ ಬೀಳುತ್ತದೆ. ಹಿಮಸಾರಂಗಗಳು ಮಂದೆಯಾಗಿ ನಡುರಸ್ತೆಯಲ್ಲೇ ನಡೆಯುತ್ತವೆ. ಬಹುಪಾಲು ಅವು ಸಾಕಿದವು. ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಜೀವನಾಧಾರ. ಹಾರನ್ ಬಾರಿಸದೆ ಕಾಯಬೇಕು. ಡಿಕ್ಕಿಯಾದರೆ 112ಕ್ಕೆ ತಿಳಿಸುವುದು ಕಡ್ಡಾಯ.

ದಾಖಲೆಗಳ ವಿಷಯದಲ್ಲಿ ಈ ಸುತ್ತು ಸರಳ. ಎಲ್ಲ ದೇಶಗಳೂ ಷೆಂಗೆನ್ ವಲಯದಲ್ಲಿರುವುದರಿಂದ ಒಂದೇ ವೀಸಾ ಸಾಕು. ಯಾವುದೇ 180 ದಿನಗಳಲ್ಲಿ 90 ದಿನದ ಮಿತಿ. ಹಾಗೆಂದು ಪಾಸ್‌ಪೋರ್ಟ್ ಚೀಲದ ತಳದಲ್ಲಿ ಹುದುಗಿಸಬಾರದು. ಗಡಿಗಳಲ್ಲಿ ತಾತ್ಕಾಲಿಕ ತಪಾಸಣೆ ಆಗಾಗ ಇರುತ್ತದೆ. ಕರ್ನಾಟಕದಿಂದ ಹೋಗುವವರು ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡೇ ಹೋಗಬೇಕು. ಅದು ಒಂದು ವರ್ಷ ನಡೆಯುತ್ತದೆ. ಕೆಲಸಕ್ಕಾಗಿ ಜರ್ಮನಿಗೆ ಹೋಗಿ ನೆಲೆಸಿದ ಕನ್ನಡಿಗರಿಗೆ ಮಾತ್ರ ಇದು ಸಾಲದು. ಅಲ್ಲಿ ವಾಸ ಶುರುವಾಗಿ ಆರು ತಿಂಗಳ ಮೇಲೆ ಭಾರತದ ಪರವಾನಗಿ ನಡೆಯುವುದಿಲ್ಲ, ಪರೀಕ್ಷೆ ಕೊಟ್ಟು ಜರ್ಮನ್ ಪರವಾನಗಿ ಪಡೆಯಬೇಕು. ಬೇಸಿಗೆಯ ಪ್ರವಾಸಕ್ಕೆ ಆ ಕೆಲಸ ಹಿಂದಿನ ಚಳಿಗಾಲದಲ್ಲೇ ಶುರುವಾಗಬೇಕು.

ಸಸ್ಯಾಹಾರಿಗಳಿಗೆ ಉತ್ತರದ ಸಣ್ಣ ಊರುಗಳಲ್ಲಿ ಹೋಟೆಲ್ ಊಟದ ಆಯ್ಕೆ ಕಡಿಮೆ, ಬೆಲೆ ವಿಪರೀತ. ಕ್ಯಾಂಪಿಂಗ್ ತಾಣಗಳಲ್ಲಿ ಬಾಡಿಗೆಗೆ ಸಿಗುವ ಮರದ ಪುಟ್ಟ ಮನೆಗಳು ಇದಕ್ಕೆ ಪರಿಹಾರ. ಒಲೆ, ಪಾತ್ರೆ ಹೆಚ್ಚಿನ ಕಡೆ ಇರುತ್ತವೆ, ಹಾಸು ಹೊದಿಕೆ ತಮ್ಮದೇ ಒಯ್ದರೆ ಹಣ ಉಳಿಯುತ್ತದೆ. ಅಕ್ಕಿ, ಬೇಳೆ, ಸಾರಿನಪುಡಿ ಕಾರಿನಲ್ಲಿದ್ದರೆ ರಾತ್ರಿಯ ಅಡುಗೆ ಅರ್ಧ ತಾಸಿನದು. ಊರಿನಿಂದ ತುಪ್ಪ, ಪೇಡ ಮಾತ್ರ ಒಯ್ಯುವಂತಿಲ್ಲ. ಹಾಲು ಮತ್ತು ಮಾಂಸದ ಪದಾರ್ಥಗಳನ್ನು ಹೊರದೇಶಗಳಿಂದ ಪ್ರಯಾಣಿಕರು ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ನಾರ್ವೆ ಒಕ್ಕೂಟದಲ್ಲಿಲ್ಲ, ಅದರ ಕಸ್ಟಮ್ಸ್ ನಿಯಮ ಪ್ರತ್ಯೇಕ. ಅಲ್ಲಿಗೆ ಆಲೂಗಡ್ಡೆ ಕೂಡ ಒಯ್ಯುವಂತಿಲ್ಲ. ಭಾನುವಾರ ನಾರ್ವೆಯ ಬಹುತೇಕ ಸೂಪರ್‌ಮಾರ್ಕೆಟ್‌ಗಳಿಗೆ ರಜೆ, ಆದ್ದರಿಂದ ಶನಿವಾರವೇ ತರಕಾರಿ ಕೊಳ್ಳಬೇಕು. ಡೇರೆ ಹಾಕುವವರಿಗೆ ನಾರ್ವೆಯ 1957ರ ಕಾಯ್ದೆ ಉದಾರ ಹಕ್ಕು ಕೊಟ್ಟಿದೆ. ಬೇಸಾಯವಿಲ್ಲದ ಬಯಲಿನಲ್ಲಿ, ಜನರಿರುವ ಮನೆಯಿಂದ 150 ಮೀಟರ್ ದೂರದಲ್ಲಿ ಯಾರೂ ಡೇರೆ ಹಾಕಬಹುದು. ಇದು ಕಾಲ್ನಡಿಗೆಯವರ ಹಕ್ಕು. ಕಾರು, ಕ್ಯಾಂಪರ್‌ಗಳನ್ನು ಹುಲ್ಲುಗಾವಲಿಗೆ ಇಳಿಸಲು ಇದು ಪರವಾನಗಿಯಲ್ಲ. ಡೆನ್ಮಾರ್ಕಿನಲ್ಲಿ ಅಷ್ಟು ಸ್ವಾತಂತ್ರ್ಯವೂ ಇಲ್ಲ.

ಕೊನೆಯ ಹಡಗು ಓಸ್ಲೋದಿಂದ ಮಧ್ಯಾಹ್ನ 2ಕ್ಕೆ ಹೊರಟು ಮರುದಿನ ಬೆಳಿಗ್ಗೆ 10ಕ್ಕೆ ಕೀಲ್ ಸೇರುತ್ತದೆ. ಹಿಂದಿನ ರಾತ್ರಿ ಓಸ್ಲೋದಲ್ಲೇ ತಂಗಿರಬೇಕು. ಅದೇ ದಿನ ಟ್ರೋಂಡ್‌ಹೈಮ್‌ನಿಂದ ಬರುತ್ತೇವೆ ಎಂದು ಹೊರಡುವುದು ಅವಿವೇಕ. ಸುಮಾರು 100 ಕಿ.ಮೀ. ಉದ್ದದ ಓಸ್ಲೋ ಫಿಯೋರ್ಡನ್ನು ಹಡಗು ಹಗಲಲ್ಲೇ ಹಾಯುತ್ತದೆ, ಆದ್ದರಿಂದ ಮೊದಲ ಕೆಲವು ತಾಸು ಮೇಲಿನ ಅಂತಸ್ತಿನಲ್ಲೇ ಇರುವುದು ಚೆಂದ. ಕೀಲ್‌ನಿಂದ ಹ್ಯಾಂಬರ್ಗ್ ಒಂದು ತಾಸು ಚಿಲ್ಲರೆ. ನಾರ್ವೆಯ ರಸ್ತೆ ಟೋಲ್, ಒಳನಾಡಿನ ಫೆರಿ, ಸ್ಟಾಕ್‌ಹೋಮ್‌ನ ದಟ್ಟಣೆ ತೆರಿಗೆ ಎಲ್ಲವೂ ನಂಬರ್ ಪ್ಲೇಟ್ ಮೇಲೆ ದಾಖಲಾಗಿರುವುದರಿಂದ ಅವುಗಳ ಬಿಲ್ಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ ಬರುತ್ತದೆ. ಬಾಡಿಗೆ ಕಾರಾದರೆ ಕಂಪನಿ ತನ್ನ ಶುಲ್ಕ ಸೇರಿಸಿ ಕಾರ್ಡಿನಿಂದಲೇ ಕಡಿತ ಮಾಡುತ್ತದೆ. ಪ್ರವಾಸದ ಖರ್ಚಿನಲ್ಲಿ ಒಂದು ಪಾಲನ್ನು ಅದಕ್ಕಾಗಿ ಎತ್ತಿಟ್ಟಿರಬೇಕು.